ಮನೆಗೆ ರೋಯಿಂಗ್ ಮೆಷಿನ್ ತರುವ ಮೊದಲು



ಮಳೆಗಾಲ ಶುರುವಾದರೆ ಸಾಕು, ಇಲ್ಲಿ ಮುಂಬಯಿಯಲ್ಲಿ ನನ್ನ ಬಳಿ ಬರುವ ಕನ್ನಡದ ಮನೆಯವರ ಪ್ರಶ್ನೆ ಬದಲಾಗುತ್ತದೆ. "ಡಾಕ್ಟ್ರೇ, ವಾಕಿಂಗ್ ನಿಂತೇ ಹೋಯ್ತು. ಮನೆಯಲ್ಲೇ ಏನಾದ್ರೂ ಮೆಷಿನ್ ಇಟ್ಕೊಳ್ಬಹುದಾ?" ದೆಹಲಿಯವರಿಗೆ ಚಳಿಗಾಲದ ಹೊಗೆ, ಚೆನ್ನೈ, ಹೈದರಾಬಾದಿನವರಿಗೆ ಏಪ್ರಿಲ್-ಮೇ ಬಿಸಿಲು. ಮೊದಲೆಲ್ಲ ಟ್ರೆಡ್‌ಮಿಲ್ ಇಲ್ಲವೇ ಸೈಕಲ್ ಅನ್ನುತ್ತಿದ್ದರು. ಈಗ ರೋಯಿಂಗ್ ಮೆಷಿನ್ ಬಗ್ಗೆ ಕೇಳುತ್ತಾರೆ. ಜಾರುವ ಸೀಟಿನ ಮೇಲೆ ಕೂತು, ದೋಣಿಯ ಹುಟ್ಟು ಹಾಕಿದ ಹಾಗೆ ಹಿಡಿಯನ್ನು ಎಳೆಯುವ ಯಂತ್ರ ಅದು.

ಒಳ್ಳೆಯ ಯಂತ್ರ, ಅನುಮಾನವಿಲ್ಲ. ಕಾಲು, ಸೊಂಟ, ಬೆನ್ನು, ಕೈ ಎಲ್ಲವೂ ಒಟ್ಟಿಗೆ ದುಡಿಯುವುದರಿಂದ ಕಡಿಮೆ ಹೊತ್ತಿನಲ್ಲೇ ಹೃದಯಕ್ಕೆ ಸಾಕಷ್ಟು ಕೆಲಸ ಸಿಗುತ್ತದೆ. ಓಡುವಾಗ ಮಂಡಿಗೆ ಬೀಳುವ ಪೆಟ್ಟು ಇದರಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕು. ನಮಗಂತೂ ಇದು ಬೇಗನೇ ಬೇಕು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ನೇ ವಯಸ್ಸಿಗೆ ಬಂದಿತ್ತು, ಬೇರೆಯವರಿಗೆ 59ರ ಹತ್ತಿರ. ಮಕ್ಕಳ ಫೀಸು, ಮನೆಯ ಸಾಲದ ಕಂತು ಎರಡೂ ಇನ್ನೂ ಮುಗಿಯದಿರುವ ವಯಸ್ಸು ಅದು.

ಆದರೂ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಈ ತಿಂಗಳು ಕೊಳ್ಳಬೇಡಿ. ಮೊದಲು ದಿನಕ್ಕೆ 20 ನಿಮಿಷ ಗುರುತಿಸಿ, ನಾಲ್ಕು ವಾರ ಅದೇ ಹೊತ್ತಿಗೆ ಸೊಸೈಟಿಯ ಪಾರ್ಕಿಂಗಿನಲ್ಲೋ ಕಾರಿಡಾರಿನಲ್ಲೋ ನಡೆಯಿರಿ. ಹಾಲಿನ ಲೆಕ್ಕ ಬರೆಯುವ ಕಾಲನಿರ್ಣಯದಲ್ಲೇ ಒಂದು ಗುರುತು ಹಾಕಿ. 28 ದಿನದಲ್ಲಿ 18-20 ಗುರುತು ಬಿದ್ದರೆ ಧಾರಾಳವಾಗಿ ಕೊಳ್ಳಿ. ಐದೇ ಬಿದ್ದರೆ ಯಂತ್ರ ತಂದರೂ ಐದೇ ಬೀಳುತ್ತವೆ. ಎಷ್ಟೋ ಮನೆಗಳಲ್ಲಿ ಟ್ರೆಡ್‌ಮಿಲ್ ಮೇಲೆ ಮಳೆಗಾಲದ ಒದ್ದೆ ಬಟ್ಟೆ ಒಣಗುವುದನ್ನು ನೀವೂ ನೋಡಿದ್ದೀರಿ.

ಕೊಳ್ಳುವುದು ಖಚಿತವಾದ ಮೇಲೆ ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿದು ಮನೆ ಅಳೆಯಿರಿ. ದೊಡ್ಡ ರೋಯಿಂಗ್ ಮೆಷಿನ್ ಎಂಟು ಅಡಿ ಉದ್ದ ಇರುತ್ತದೆ, ಅದನ್ನು ಬಳಸಲು ಸುಮಾರು ಒಂಬತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ ಜಾಗ ಬೇಕು. ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇದು ಸಣ್ಣ ಮಾತಲ್ಲ. "ಮಡಚಿ ಇಡಬಹುದು" ಎಂದು ಅಂಗಡಿಯವನು ಹೇಳುತ್ತಾನೆ, ಸುಳ್ಳಲ್ಲ. ಆದರೆ ದಿನಾ ಮಂಚದ ಹಿಂದಿನಿಂದ ಎಳೆದು, ಬಿಚ್ಚಿ, ಮತ್ತೆ ಮಡಚುವ ಯಂತ್ರವನ್ನು ಮೂರನೇ ವಾರಕ್ಕೆ ಯಾರೂ ಮುಟ್ಟುವುದಿಲ್ಲ. ಬಿಚ್ಚಿಯೇ ಇಡಲು ಜಾಗ ಇದೆಯೇ ಎಂಬುದನ್ನು ಮೊದಲು ನೋಡಿ.

ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಮನೆಯಲ್ಲಿ ಬಿಪಿ, ಶುಗರ್ ಇರುವುದು ಅಮ್ಮನಿಗೋ ಹೆಂಡತಿಗೋ, ಯಂತ್ರ ಇಡುವುದು ಹಾಲಿನಲ್ಲಿ, ಟಿವಿ ಎದುರು. ಅಲ್ಲಿ ಮಾವನವರು ಪೇಪರ್ ಓದುತ್ತಿರುತ್ತಾರೆ, ಯಾರಾದರೂ ಬಂದು ಕೂತಿರುತ್ತಾರೆ. ಆಕೆಗೆ ಬಿಡುವು ಸಿಗುವುದೇ ಮಧ್ಯಾಹ್ನ ಮೂರಕ್ಕೆ. ಎಲ್ಲರ ಎದುರು ಕಾಲು ಚಾಚಿ ಎಳೆಯಲು ಆಕೆ ಬಾಯಿಬಿಟ್ಟು ಹೇಳದಿದ್ದರೂ ಸಂಕೋಚ. ಯಾರಿಗಾಗಿ ತರುತ್ತೀರೋ ಅವರನ್ನೇ ಕೇಳಿ, ಅವರ ಹೊತ್ತಿಗೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಲ್ಲಿ ಇಡಿ.

ಇನ್ನು ಬಗೆಗಳು. ಗಾಳಿಯ ಫ್ಯಾನ್ ಇರುವುದು ಗಟ್ಟಿಮುಟ್ಟು, ಜಿಮ್ಮುಗಳಲ್ಲಿ ಹೆಚ್ಚಾಗಿ ಇದೇ. ನೀವು ಜೋರಾಗಿ ಎಳೆದಷ್ಟೂ ಅದು ಜೋರಾಗಿ ಎದುರಿಸುತ್ತದೆ. ಆದರೆ ಸದ್ದು ಜಾಸ್ತಿ, ಬೆಳಗಿನ ಐದಕ್ಕೆ ಶುರು ಮಾಡಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ಕಾನ್ಸೆಪ್ಟ್2 ತರದ್ದಾದರೆ ಬೆಲೆ ಲಕ್ಷ ದಾಟುತ್ತದೆ. ನೀರಿನ ತೊಟ್ಟಿ ಇರುವುದರ ಸದ್ದು ಹಿತ, ಭಾರ ಮಾತ್ರ ಹೆಚ್ಚು, ಬಾಡಿಗೆ ಮನೆ ಬದಲಿಸುವವರಿಗೆ ತಲೆನೋವು. ಮ್ಯಾಗ್ನೆಟ್ಟಿನದು ಸದ್ದಿಲ್ಲದ್ದು, ಫ್ಲ್ಯಾಟಿಗೆ ಹೊಂದುತ್ತದೆ. ಸಾಮಾನ್ಯ ಮನೆಗೆ ನನ್ನ ಒಲವು ಇದರ ಕಡೆಗೇ. ಹೈಡ್ರಾಲಿಕ್ ಪಿಸ್ಟನ್ನಿನದು ಅಗ್ಗ, ಚಿಕ್ಕದು, ಆದರೆ ಎಳೆತ ಸರಾಗವಲ್ಲ. ಅದಕ್ಕೆ ಹಣ ಹಾಕುವುದಕ್ಕಿಂತ ಒಳ್ಳೆಯ ಶೂ ಕೊಳ್ಳಿ. ಮುಂಬಯಿ, ಚೆನ್ನೈಯ ಉಪ್ಪುಗಾಳಿಗೆ ಚೈನು ತುಕ್ಕು ಹಿಡಿಯುತ್ತದೆ, ಎಣ್ಣೆ ಹಾಕುವುದನ್ನು ಮರೆಯಬೇಡಿ.

ಅಂಗಡಿಯಲ್ಲಿ ಕೂತು ಎಳೆದು ನೋಡದೆ ಕೊಳ್ಳಬೇಡಿ. ಎಷ್ಟೋ ಯಂತ್ರಗಳ ಸೀಟು ನೆಲದಿಂದ 14 ಇಂಚು ಎತ್ತರದಲ್ಲಷ್ಟೇ ಇರುತ್ತದೆ, ನಮ್ಮ ಊಟದ ಕುರ್ಚಿ ಸುಮಾರು 18 ಇಂಚು. ಮಂಡಿ ಸವೆದ 65ರ ಅಪ್ಪನಿಗೆ ಕೂರುವುದು ಸುಲಭ, ಏಳುವುದು ಕಷ್ಟ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಈ ಯಂತ್ರದಲ್ಲಿ ಕೂತೇ ಇರುವುದರಿಂದ ಆಯಾಸ ಕಡಿಮೆ ಅನಿಸುತ್ತದೆ, ನಾಡಿ ಮಾತ್ರ ಸದ್ದಿಲ್ಲದೆ ಏರಿರುತ್ತದೆ. ಹತ್ತು ವರ್ಷ ವ್ಯಾಯಾಮವೇ ಮಾಡದ 48ರ ಗಂಡಸು ಮೊದಲ ಭಾನುವಾರವೇ ಕಾಲೇಜಿಗೆ ಹೋಗುವ ಮಗನ ಜೊತೆ 500 ಮೀಟರ್ ಪಂದ್ಯ ಕಟ್ಟುವುದು ನನಗೆ ಭಯ ಹುಟ್ಟಿಸುವ ದೃಶ್ಯ. ರೂಢಿಯಿಲ್ಲದವರು ಏಕಾಏಕಿ ಜೋರಾಗಿ ಶ್ರಮಪಟ್ಟಾಗ ಆ ಹೊತ್ತಿನಲ್ಲಿ ಹೃದಯಾಘಾತದ ಅಪಾಯ ಏರುತ್ತದೆ. ನಿಯಮಿತವಾಗಿ ಮಾಡುವವರಲ್ಲಿ ಆ ಏರಿಕೆ ಬಹಳ ಕಡಿಮೆ. ಹಾಗಾಗಿ ಮೊದಲ ವಾರ ದಿನಕ್ಕೆ ಐದೇ ನಿಮಿಷ, ನಿಮಿಷಕ್ಕೆ 20ರಿಂದ 24 ಎಳೆತ. ವಾರಕ್ಕೆ ಎರಡೆರಡು ನಿಮಿಷ ಏರಿಸಿ. ಎಳೆಯುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಬೀಟಾ ಬ್ಲಾಕರ್ ಮಾತ್ರೆ, ಅಂದರೆ ಮೆಟೊಪ್ರೊಲಾಲ್, ಅಟೆನೊಲಾಲ್ ತರದ್ದು ತೆಗೆದುಕೊಳ್ಳುವವರಿಗೆ ನಾಡಿ ಏರುವುದೇ ಕಡಿಮೆ, ವಾಚಿನ ಲೆಕ್ಕ ನಂಬಬೇಡಿ. ಮಾತಿನ ಪರೀಕ್ಷೆಯೇ ಸರಿ.

ಉಸಿರು ಬಿಗಿಹಿಡಿದು ಎಳೆದರೆ ಬಿಪಿ ಥಟ್ಟನೆ ಏರುತ್ತದೆ, ಎಳೆಯುವಾಗ ಉಸಿರು ಬಿಡಿ. ಬಾವಿಯಿಂದ ನೀರು ಸೇದುವ ಹಾಗೆ ಬರೀ ಕೈಯಿಂದ ಎಳೆಯಬೇಡಿ, ಸೊಂಟ ಹಿಡಿಯುತ್ತದೆ. ಮೊದಲು ಕಾಲಿನಿಂದ ಒತ್ತಿ, ಆಮೇಲೆ ಬೆನ್ನು, ಕೊನೆಗೆ ಕೈ. ಮರಳುವಾಗ ಕೈ, ಬೆನ್ನು, ಕಾಲು.

ಬಿಪಿ ಹತೋಟಿಯಲ್ಲಿ ಇಲ್ಲದವರು, ಶುಗರ್ ಇರುವವರು, ಸಿಗರೇಟು ಸೇದುವವರು, ಅಪ್ಪ ಅಥವಾ ಅಣ್ಣನಿಗೆ 55ಕ್ಕೆ ಮುಂಚೆ, ಅಮ್ಮ ಅಥವಾ ಅಕ್ಕನಿಗೆ 65ಕ್ಕೆ ಮುಂಚೆ ಹೃದಯದ ತೊಂದರೆ ಬಂದವರು ಮೊದಲು ವೈದ್ಯರನ್ನು ಕಾಣಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು ಯಂತ್ರದ ಯೋಚನೆ ಬಿಟ್ಟು ಇದೇ ವಾರ ಕಾಣಿ. "ಇಸಿಜಿ ನಾರ್ಮಲ್ ಇತ್ತು" ಅನ್ನಬೇಡಿ, ಮಲಗಿ ತೆಗೆದ ಇಸಿಜಿ ನಾರ್ಮಲ್ ಇದ್ದೂ ಬ್ಲಾಕ್ ಇರಬಹುದು. ಬೈಪಾಸ್ ಆದವರಿಗೆ ಎದೆಮೂಳೆ ಕೂಡಲು ಎರಡು-ಮೂರು ತಿಂಗಳು ಬೇಕು, ಸರ್ಜನ್ ಒಪ್ಪದೆ ಯಾವುದನ್ನೂ ಎಳೆಯುವಂತಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬೇಡಿ, ಕೈಗೆಟಕುವಲ್ಲಿ ಸಕ್ಕರೆ ಇರಲಿ. ಎಳೆಯುವಾಗ ಎದೆ, ದವಡೆ, ಎಡಗೈಯಲ್ಲಿ ನೋವೋ ಬಿಗಿತವೋ, ತಲೆ ಸುತ್ತೋ ಬಂದರೆ ತಕ್ಷಣ ನಿಲ್ಲಿಸಿ. ಕೆಲವೇ ನಿಮಿಷದಲ್ಲಿ ಹೋಗದಿದ್ದರೆ ಆಸ್ಪತ್ರೆ. ಗ್ಯಾಸ್ ಇರಬಹುದು ಎಂದು ಸೋಡಾ ಕುಡಿದು ಕೂರಬೇಡಿ.

ಮುಂದುವರಿಸುವುದು ಹೇಗೆ? ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬ ಸಲಹೆಯಿಂದ ಯಾರಿಗೂ ಲಾಭವಾದದ್ದು ನಾನು ಕಂಡಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ಬರುವಷ್ಟು ರೂಢಿಯಾಗಲು ಸುಮಾರು 66 ದಿನ ಬೇಕಾಯಿತು, ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂದೂ ಕಂಡುಬಂತು. ಊರಿಂದ ನೆಂಟರು ಬಂದರು, ನಾಲ್ಕು ದಿನ ತಪ್ಪಿತು, ಐದನೇ ದಿನ ಕೂರಿ, ಅಷ್ಟೇ. ಈಗಾಗಲೇ ಇರುವ ಕೆಲಸವೊಂದಕ್ಕೆ ಗಂಟು ಹಾಕಿ: ಸಂಜೆಯ ಕಾಫಿಗೆ ಮುಂಚೆ, ಇಲ್ಲವೇ ಮಗನ ಸ್ಕೂಲ್ ಬಸ್ಸು ಹೋದ ಮೇಲೆ. ಹೋಟೆಲ್ ನಡೆಸುವವರು ರಾತ್ರಿ ಒಂದಕ್ಕೆ ಮಲಗಿ ಬೆಳಿಗ್ಗೆ ಐದಕ್ಕೆ ಏಳುವ ಸಾಹಸ ಬೇಡ, ನಿದ್ದೆಗೆಡುವುದೂ ಹೃದಯಕ್ಕೆ ಒಳ್ಳೆಯದಲ್ಲ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿನಲ್ಲಿ ಮಾಡಿ. ತಾಳಮದ್ದಳೆ ಕೇಳುವವರಿಗೆ ಇನ್ನೂ ಸುಲಭ, ಯಂತ್ರದ ಮೇಲೆ ಮಾತ್ರ ಕೇಳುವುದೆಂದು ನಿಯಮ ಮಾಡಿಕೊಂಡರೆ ಮುಂದಿನ ಭಾಗಕ್ಕಾಗಿಯಾದರೂ ಕೂರುತ್ತೀರಿ.

ಮೀಟರಿನ ಲೆಕ್ಕವನ್ನೂ ಇಡಬಹುದು. ರೂಢಿಯಾದವರು 20 ನಿಮಿಷದಲ್ಲಿ ಸುಮಾರು 4 ಕಿಲೋಮೀಟರ್ ಎಳೆಯುತ್ತಾರೆ, ವಾರಕ್ಕೆ ಐದು ದಿನವಾದರೆ 20. ಮುಂಬಯಿಯಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 900 ಕಿಲೋಮೀಟರ್. ಒಬ್ಬರೇ ಎಳೆದರೆ ಊರು ಮುಟ್ಟಲು ಹತ್ತಿರ ಹತ್ತಿರ ಒಂದು ವರ್ಷ. ಮನೆಯ ಮೂವರೂ ಲೆಕ್ಕ ಕೂಡಿಸಿದರೆ ಯುಗಾದಿಗೆ ಹೊರಟವರು ನಾಗರಪಂಚಮಿಯ ಹೊತ್ತಿಗೆ ತಲುಪುತ್ತೀರಿ. ಮಕ್ಕಳಿಗೆ ಈ ಲೆಕ್ಕ ಬಹಳ ಇಷ್ಟವಾಗುತ್ತದೆ, ಇಂದು ರತ್ನಾಗಿರಿ ದಾಟಿದೆವು, ಇನ್ನು ಕಣಕವಲಿ ಎಂದು ಅವರೇ ನಿಮ್ಮನ್ನು ಎಬ್ಬಿಸುತ್ತಾರೆ.

ಇಷ್ಟಾದರೂ ಮೂರು ತಿಂಗಳು ಯಾರೂ ಕೂರದಿದ್ದರೆ ಸಂಕಟಪಡದೆ ಮಾರಿಬಿಡಿ. ತುಕ್ಕು ಹಿಡಿಯುವ ಮೊದಲು ಒಳ್ಳೆಯ ಬೆಲೆ ಬರುತ್ತದೆ, ಹಾಲಿನಲ್ಲಿ ಜಾಗವೂ ಆಗುತ್ತದೆ. ಪಾರ್ಕಿಂಗಿನ ವಾಕಿಂಗ್ ಹೇಗೂ ಇದ್ದೇ ಇದೆ.