ಬ್ಯಾಟರಿಯ ನಾಡಿ ಹಿಡಿಯುವ ಮೀಟರು

ಒಂದು ಕಾಲಕ್ಕೆ, ವಿದ್ಯುತ್ತಿನ ತಂತಿ ತಲಪದ ಊರುಗಳಲ್ಲಿ ವಾಲ್ವ್ ರೇಡಿಯೋ ನುಡಿಯುತ್ತಿದ್ದುದು 90 ವೋಲ್ಟಿನ ಒಣ ಬ್ಯಾಟರಿಯ ಬಲದಿಂದ. ಇಂದು ಪಟ್ಟಣದ ಎಷ್ಟೋ ಮನೆಗಳ ಮೂಲೆಯಲ್ಲಿ ಇನ್ವರ್ಟರಿನ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಕುಳಿತಿದೆ. ದೀಪ ಬೇಗನೆ ಮಂಕಾದರೆ "ಬ್ಯಾಟರಿ ಸತ್ತಿತು, ಹೊಸದು ತನ್ನಿ" ಎಂಬ ಮಾತು ಸುಲಭವಾಗಿ ಬರುತ್ತದೆ. ಸಾವಿರಾರು ರೂಪಾಯಿ ತೆರುವ ಮುನ್ನ ತಾವೇ ಒಮ್ಮೆ ಅಳೆದು ನೋಡುವುದು ಲೇಸಲ್ಲವೆ?

ಅಳೆಯುವ ಸಾಧನವೇ ಮಲ್ಟಿಮೀಟರು. ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ 'ಆವೋಮೀಟರ್' 1923ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಿತು. ಆ ಮೂರರ ಮೊದಲಕ್ಷರಗಳೇ ಅದರ ಹೆಸರು.

ಬ್ಯಾಟರಿಯ ವಿಷಯದಲ್ಲಿ ಸಣ್ಣ ವ್ಯತ್ಯಾಸವೇ ದೊಡ್ಡ ಸಂಗತಿ. ಚಾರ್ಜು ತುಂಬಿ, ಕೆಲವು ಗಂಟೆ ವಿಶ್ರಮಿಸಿದ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ; ಅರ್ಧವಾದಾಗ ಸುಮಾರು 12.2, ಬರಿದಾದಾಗ 12ರ ಕೆಳಗೆ. ತುಂಬಿದ್ದಕ್ಕೂ ಬರಿದಾದುದಕ್ಕೂ ಒಂದು ವೋಲ್ಟಿನ ಅಂತರವೂ ಇಲ್ಲ! 50 ವೋಲ್ಟಿನ ಮಾಪನದಲ್ಲಿ ನೂರಕ್ಕೆ 3ರಷ್ಟು ತಪ್ಪಬಹುದಾದ ಮುಳ್ಳಿನ ಮೀಟರು ಒಂದೂವರೆ ವೋಲ್ಟ್ ಆಚೀಚೆ ಹೇಳಬಹುದು. ಕಟ್ಟಿಗೆಯ ತಕ್ಕಡಿಯಲ್ಲಿ ಚಿನ್ನ ತೂಗಿದಂತಾಯಿತು.

ಅಂಕಿ ತೋರಿಸುವ ಮೀಟರೆಲ್ಲ ನಿಷ್ಕೃಷ್ಟವೆಂದು ತಿಳಿಯಬಾರದು. ದಶಾಂಶದ ಮುಂದೆ ಎರಡು ಅಂಕಿ ಕಾಣುವುದು ಸೂಕ್ಷ್ಮತೆ. ಆ ಅಂಕಿ ನಿಜವಾಗಿರುವುದು ನಿಷ್ಕೃಷ್ಟತೆ. ಕೊಳ್ಳುವಾಗ ಜೊತೆಯ ಕೈಪಿಡಿಯಲ್ಲಿ ನೇರ ವಿದ್ಯುತ್ತಿನ, ಅಂದರೆ ಡಿ.ಸಿ. ವೋಲ್ಟಿನ ಸಾಲನ್ನು ಓದಿರಿ. 'ನೂರಕ್ಕೆ 0.5, ಜೊತೆಗೆ ಕೊನೆಯ ಅಂಕಿಯಲ್ಲಿ 2' ಎಂದಿದ್ದು, ಮೀಟರು 12.40 ತೋರಿಸಿದರೆ, ನಿಜವಾದ ಬೆಲೆ 12.32ರಿಂದ 12.48ರೊಳಗಿದೆ ಎಂದರ್ಥ. ಇಷ್ಟು ಮನೆಗೆ ಸಾಕು. ನೂರಕ್ಕೆ 1.5 ಎಂದಿದ್ದರೆ ಅದೇ ಬೆಲೆ 12.19ರಿಂದ 12.61ರವರೆಗೆ ಎಲ್ಲಾದರೂ ಇರಬಹುದು. ಅರ್ಧ ಬರಿದೋ, ಬಹುಪಾಲು ತುಂಬಿದೆಯೋ ತಿಳಿಯದು. ಈ ಸಾಲನ್ನೇ ಅಚ್ಚು ಮಾಡದ ಮೀಟರನ್ನು ಬಿಟ್ಟುಬಿಡಿ.

ಮೀಟರಿನೊಳಗಿನ ಪುಟ್ಟ ಬ್ಯಾಟರಿ ಸೊರಗಿದರೂ ಅಳತೆ ಸುಳ್ಳಾಗಬಹುದು. ಅದರ ಸೂಚನೆ ಕಂಡೊಡನೆ ಬದಲಿಸಿರಿ.

ಇನ್ನು ಪರೀಕ್ಷೆ. ಮೊದಲು ಚಾರ್ಜು ಆಗುತ್ತಿರುವಾಗಲೇ ಅಳೆಯಿರಿ. ಆಗ 13.5ರ ಆಸುಪಾಸು ಅಥವಾ ಮೇಲಿರಬೇಕು. ಗಂಟೆಗಟ್ಟಲೆ ಕಳೆದರೂ 12ರಲ್ಲೇ ನಿಂತಿದ್ದರೆ, ಬ್ಯಾಟರಿಯನ್ನು ದೂರುವ ಮುನ್ನ ಚಾರ್ಜರನ್ನೂ ತಂತಿಯ ಬಿಗಿತವನ್ನೂ ನೋಡಿಸಿರಿ. ಪೂರ್ತಿ ಚಾರ್ಜಾಗಿ 12.7 ತೋರಿಸಿಯೂ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಕುಸಿದರೆ ಬ್ಯಾಟರಿಯ ಶಕ್ತಿ ಉಡುಗಿದೆಯೆಂದು ತಿಳಿಯಬಹುದು.

ಒಂದು ಎಚ್ಚರಿಕೆ. ಕೆಂಪು ತಂತಿಯು ಆಂಪಿಯರಿನ ತೂತಿನಲ್ಲಿರುವಾಗ ಬ್ಯಾಟರಿಯ ಎರಡು ತುದಿಗಳಿಗೆ ತಾಗಿಸಿದರೆ ಅದು ನೇರ ಷಾರ್ಟ್ ಸರ್ಕ್ಯೂಟು. ಚಾರ್ಜಾಗುವ ಬ್ಯಾಟರಿ ಹೈಡ್ರೊಜನ್ ಅನಿಲವನ್ನು ಬಿಡುತ್ತದೆ. ಅಲ್ಲಿ ಕಿಡಿ ಹಾರಿದರೆ ಸ್ಫೋಟವಾದೀತು. ಆದುದರಿಂದ ಆಂಪಿಯರಿನ ದಾರಿಗೆ ಫ್ಯೂಸ್ ಇರುವ ಮೀಟರನ್ನೇ ಕೊಳ್ಳಿರಿ. ಪ್ರತಿಸಲವೂ ತಂತಿ ಯಾವ ತೂತಿನಲ್ಲಿದೆಯೆಂದು ನೋಡಿಯೇ ಮುಟ್ಟಿಸಿರಿ.