ಬಿಸಿಲು, ಬ್ರಾಯ್ಲರ್ ಮತ್ತು ಬೀಟೇನ್

ದೆಹಲಿಯ ಲಕ್ಷ್ಮೀ ನಗರದಲ್ಲಿ ಮೇ–ಜೂನ್ ಕಳೆದವರಿಗೆ ಬಿಸಿಲಿನ ಬಗ್ಗೆ ಯಾರೂ ಹೇಳಬೇಕಾಗಿಲ್ಲ. 2024ರ ಮೇ 29ರಂದು ಸಫ್ದರ್‌ಜಂಗ್ ಕೇಂದ್ರದಲ್ಲಿ 46.8 ಡಿಗ್ರಿ ದಾಖಲಾಗಿತ್ತು. ನಮಗೆ ಕೂಲರ್ ಇದೆ, ಮೆಟ್ರೊದ ಎಸಿ ಇದೆ. ಇಲ್ಲಿಗೆ ಹತ್ತಿರದ ಗಾಜೀಪುರ ಮಂಡಿಗೆ ಬರುವ ಲಾರಿಗಳಲ್ಲಿ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತವೆ. ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಮೈ ತಂಪಾಗಿಸಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ ಏದುಸಿರೊಂದೇ.

ಕೊಪ್ಪಳದ ಹತ್ತಿರ ನಮ್ಮ ಕಾಕಾನ ಎರಡು ಬ್ರಾಯ್ಲರ್ ಶೆಡ್ ಇವೆ, ಒಂದೊಂದರಲ್ಲಿ 1,500 ಕೋಳಿ. ಕಳೆದ ಬೇಸಿಗೆಯಲ್ಲಿ ಬಹಳ ಕೋಳಿ ಸತ್ತು, ಸೊಸೈಟಿ ಸಾಲದ ಕಂತು ಬಾಕಿ ಉಳಿಯಿತು. ಈ ಸಲ ಫೋನ್ ಮಾಡಿ, ‘ಬೀಟೇನ್ ಅಂತ ಪುಡಿ ತಂದಾರ. ಬಿಸಿಲಿಗೆ ಕೋಳಿ ಸಾಯೂದಿಲ್ಲ ಅಂತಾರ. ಖರೇನ ಏನು? ನೀ ಎಂ.ಟೆಕ್ ಓದೀಯಲ್ಲ, ನೋಡಿ ಹೇಳು’ ಅಂದರು. ಓದಿದ್ದು ಕಂಪ್ಯೂಟರ್ ಆದರೂ ಕಾಕಾನ ಮಾತು ತೆಗೆದುಹಾಕುವಂತಿರಲಿಲ್ಲ. ಕೂತು ಓದಿದೆ.

ಬೀಟೇನ್ ಮೊದಲು ಸಿಕ್ಕಿದ್ದು ಸಕ್ಕರೆ ಬೀಟ್‌ನ ರಸದಲ್ಲಿ, ಹೆಸರು ಬಂದದ್ದೂ ಅಲ್ಲಿಂದಲೇ. ಗೋಧಿ ತೌಡಿನಲ್ಲೂ ಪಾಲಕ್‌ನಲ್ಲೂ ಇದು ಧಾರಾಳವಾಗಿದೆ. ಮೆಕ್ಕೆಜೋಳ, ಸೋಯಾ ಹಿಂಡಿಯ ಕೋಳಿ ಆಹಾರದಲ್ಲಿ ಮಾತ್ರ ತೀರಾ ಕಡಿಮೆ.

ಇದು ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಜೀವಕೋಶದಲ್ಲಿ ನೀರು ಹಿಡಿದಿಡುವುದು. ಸೆಕೆ ಹೆಚ್ಚಾದಾಗ ರಕ್ತ ಚರ್ಮದ ಕಡೆ ಹರಿದು ಕರುಳಿಗೆ ಕಡಿಮೆಯಾಗುತ್ತದೆ. ಕರುಳಿನ ಒಳಪದರ ಹಾಳಾಗಿ, ತಿಂದದ್ದು ಮೈಗೆ ಹತ್ತುವುದಿಲ್ಲ, ರೋಗಾಣುಗಳಿಗೆ ದಾರಿಯಾಗುತ್ತದೆ. ಬೀಟೇನ್ ಸೇರಿದ ಕೋಶಗಳು ನೀರಿನ ಸಮತೋಲ ಕಾಯಲು ಅಷ್ಟು ಶಕ್ತಿ ಖರ್ಚು ಮಾಡಬೇಕಿಲ್ಲ. ಎರಡನೆಯದು, ಯಕೃತ್ತಿನಲ್ಲಿ ಮೀಥೈಲ್ ಗುಂಪು ದಾನ ಮಾಡಿ ಹೋಮೊಸಿಸ್ಟೀನನ್ನು ಮತ್ತೆ ಮಿಥಿಯೋನಿನ್ ಆಗಿಸುವುದು. ಯಕೃತ್ತಿನಲ್ಲಿ ಕೊಬ್ಬು ಕೂಡುವುದನ್ನು ತಡೆಯಲೂ ಇದು ನೆರವಾಗುತ್ತದೆ.

ಹಾಗಂತ ಇದು ಸಂಜೀವಿನಿಯಲ್ಲ. ಹವೆ ತಂಪಾಗಿದ್ದು, ಆಹಾರದಲ್ಲಿ ಮಿಥಿಯೋನಿನ್, ಕೋಲಿನ್ ಸಾಕಷ್ಟಿದ್ದರೆ ಲಾಭ ಕಡಿಮೆ. ಮಾಂಸ ಕಟ್ಟಲು ಬೇಕಾದ ಮಿಥಿಯೋನಿನ್‌ಗೆ ಇದು ಬದಲಿಯೂ ಅಲ್ಲ. ಕಾದ ತಗಡಿನ ಕೆಳಗೆ ನೀರಿಲ್ಲದೆ ನಿಂತ ಕೋಳಿಯನ್ನು ಯಾವ ಪುಡಿಯೂ ಉಳಿಸದು.

ಆದ್ದರಿಂದ ಕಾಕಾನಿಗೆ ಹೇಳಿದ್ದು ಇಷ್ಟು: ಮೊದಲು ತಗಡಿಗೆ ಸುಣ್ಣ, ಪಕ್ಕಕ್ಕೆ ಒದ್ದೆ ಗೋಣಿತಾಟು, ತಣ್ಣನೆ ನೀರು, ಆಹಾರ ಬೆಳಗಿನ ಜಾವ ಮತ್ತು ಸಂಜೆ. ಆಮೇಲೆ ಪುಡಿ. ರೂಢಿಯ ಪ್ರಮಾಣ ಟನ್ ಆಹಾರಕ್ಕೆ 1 ಕೆ.ಜಿ. ಆಸುಪಾಸು. ಕೋಳಿಯೊಂದು 3.5 ಕೆ.ಜಿ. ತಿಂದರೆ ಒಂದು ಶೆಡ್‌ಗೆ ಸುಮಾರು ಐದೂಕಾಲು ಕೆ.ಜಿ. ಸಾಕು. ಚೀಲದ ಮೇಲಿನ ಹೆಸರು ಓದಬೇಕು: ಬೀಟೇನ್ ಹೈಡ್ರೋಕ್ಲೋರೈಡ್ ಆದರೆ ಅದರಲ್ಲಿ ನಿಜವಾದ ಬೀಟೇನ್ ಶೇ 76ರಷ್ಟು ಮಾತ್ರ.

ಎರಡು ಶೆಡ್ ಇರುವುದೇ ಅನುಕೂಲ. ನಮ್ಮ ಆಫೀಸಿನಲ್ಲಿ ಹೊಸದೇನನ್ನೂ ಎಲ್ಲರಿಗೂ ಒಮ್ಮೆಗೇ ಕೊಡುವುದಿಲ್ಲ. ಅರ್ಧ ಜನರಿಗೆ ಕೊಟ್ಟು, ಉಳಿದವರೊಂದಿಗೆ ಹೋಲಿಸುತ್ತೇವೆ. ಹಾಗೆಯೇ ಒಂದೇ ದಿನದ ಮರಿ, ಒಂದೇ ಆಹಾರ, ಪುಡಿ ಮಾತ್ರ ಒಂದು ಶೆಡ್‌ಗೆ. ತಿಂದದ್ದು, ತೂಕ, ಸತ್ತದ್ದು ಬರೆದಿಟ್ಟರೆ ಪುಡಿಯ ದುಡ್ಡು ಹುಟ್ಟಿತೇ ಇಲ್ಲವೇ ಲೆಕ್ಕವೇ ಹೇಳುತ್ತದೆ.

ಊರಿಂದ ನಿಮಗೂ ಇಂಥ ಕರೆ ಬಂದರೆ ಚೀಲದ ಫೋಟೊ ತರಿಸಿ ಓದಿ ಹೇಳಿ. ತಾಲ್ಲೂಕಿನ ಪಶುವೈದ್ಯರನ್ನೂ ಕೇಳಲು ತಿಳಿಸಿ. ಕೋಳಿ ನೋಡದೆ ನಾವು ಹೇಳಬಹುದಾದದ್ದು ಅರ್ಧ. ಉಳಿದರ್ಧ ಅವರೇ ಹೇಳಬೇಕು.