ಸಿಸ್ಟರ್ ರೋಸೆಟ್ಟಾ ಥಾರ್ಪ್

ಸಿಸ್ಟರ್ ರೋಸೆಟ್ಟಾ ಥಾರ್ಪ್ (ಮಾರ್ಚ್ 20, 1915 – ಅಕ್ಟೋಬರ್ 9, 1973) ಅಮೆರಿಕದ ಗಾಯಕಿ ಹಾಗೂ ಎಲೆಕ್ಟ್ರಿಕ್ ಗಿಟಾರ್ ವಾದಕಿ. ಕ್ರೈಸ್ತ ಭಕ್ತಿಸಂಗೀತವಾದ ಗಾಸ್ಪೆಲ್ ಮತ್ತು ಲೌಕಿಕವಾದ ಬ್ಲೂಸ್ ಎರಡನ್ನೂ ಬೆಸೆದ ಇವರ ಶೈಲಿ ರಾಕ್ ಸಂಗೀತದ ಮೂಲಗಳಲ್ಲಿ ಒಂದೆನಿಸಿದೆ.

ಬಾಲ್ಯ

ರೋಸೆಟ್ಟಾ ಜನಿಸಿದ್ದು ಆರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ. ತಾಯಿ ಕೇಟಿ ಬೆಲ್ ನ್ಯೂಬಿನ್ ಧರ್ಮಪ್ರಚಾರಕಿ ಹಾಗೂ ಮ್ಯಾಂಡೊಲಿನ್ ವಾದಕಿ. ಆರನೆಯ ವಯಸ್ಸಿನ ವೇಳೆಗೆ ರೋಸೆಟ್ಟಾ ತಾಯಿಯೊಡನೆ ಪ್ರಾರ್ಥನಾಸಭೆಗಳಲ್ಲಿ ಗಿಟಾರ್ ನುಡಿಸಿ ಹಾಡುತ್ತಿದ್ದರು. ಮುಂದೆ ತಾಯಿ–ಮಗಳು ಷಿಕಾಗೋ ನಗರದಲ್ಲಿ ನೆಲೆಸಿದರು.

ವೃತ್ತಿಜೀವನ

1938ರಲ್ಲಿ ಡೆಕ್ಕಾ ಸಂಸ್ಥೆಯು ಇವರ ಮೊದಲ ಧ್ವನಿಮುದ್ರಣಗಳನ್ನು ಮಾಡಿತು. ಅದೇ ವರ್ಷ ನ್ಯೂಯಾರ್ಕಿನ ಕಾಟನ್ ಕ್ಲಬ್ ಮತ್ತು ಕಾರ್ನೆಗಿ ಹಾಲ್‌ಗಳಲ್ಲಿ ಹಾಡಿದರು. ದೇವರ ಹಾಡನ್ನು ರಾತ್ರಿಕ್ಲಬ್ಬಿಗೆ ಒಯ್ದರೆಂದು ಚರ್ಚಿನ ಅನೇಕರು ಆಕ್ಷೇಪಿಸಿದರು. ಥಾರ್ಪ್ ಎರಡು ವೇದಿಕೆಗಳನ್ನೂ ಬಿಡಲಿಲ್ಲ. 1945ರಲ್ಲಿ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಭಾರೀ ಜನಪ್ರಿಯವಾಯಿತು. 1947ರಲ್ಲಿ ಇವರು ವೇದಿಕೆಯೇರಿಸಿದ ಬಾಲಕನೇ ಮುಂದೆ ಲಿಟಲ್ ರಿಚರ್ಡ್ ಎಂದು ಪ್ರಸಿದ್ಧನಾದ.

ವಾದನಶೈಲಿ

ಹಾಡಿನ ನಡುನಡುವೆ ಒಂಟಿ ಸ್ವರಗಳ ಗಿಟಾರ್ ವಾದನ ಇವರ ವೈಶಿಷ್ಟ್ಯ. ತಂತಿಯನ್ನು ಎಳೆದು ಸ್ವರವನ್ನು ಏರಿಸುವ ಬ್ಲೂಸ್ ವಿಧಾನ ವೀಣೆಯ ಗಮಕವನ್ನು ನೆನಪಿಸುತ್ತದೆ. ಆಂಪ್ಲಿಫೈಯರ್‌ನ ನೆರವಿನಿಂದ ಗಿಟಾರ್ ಇಡೀ ವಾದ್ಯವೃಂದದ ನಡುವೆಯೂ ಸ್ಪಷ್ಟವಾಗಿ ಕೇಳುವಂತಾಯಿತು.

ಕೊನೆಯ ದಿನಗಳು ಮತ್ತು ಮನ್ನಣೆ

1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ನಿರುಪಯುಕ್ತ ರೈಲುನಿಲ್ದಾಣವೊಂದರಲ್ಲಿ ನೀಡಿದ ಕಛೇರಿ ದೂರದರ್ಶನಕ್ಕಾಗಿ ಚಿತ್ರೀಕೃತವಾಯಿತು. 1970ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಮಧುಮೇಹದಿಂದ ಒಂದು ಕಾಲನ್ನೂ ಕಳೆದುಕೊಂಡರು. ಫಿಲಡೆಲ್ಫಿಯಾದಲ್ಲಿನ ಇವರ ಸಮಾಧಿಗೆ ದಶಕಗಳ ಕಾಲ ಹೆಸರಿನ ಕಲ್ಲೂ ಇರಲಿಲ್ಲ. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ದೊರೆತದ್ದು ಮರಣಾನಂತರ, 2018ರಲ್ಲಿ.